ಗ್ಯಾಲರಿ ಎಂದರು, ಜಗಲಿ ಎಂದು ಕೇಳಿಸಿತು

ಈ ವರ್ಷದ ಯುಗಾದಿಯ ಬೆಳಿಗ್ಗೆ ನನ್ನ ಪತ್ನಿ ಹೋಳಿಗೆ ತಟ್ಟುವುದಕ್ಕೆಂದು ಸುರುಳಿಯಿಂದ ಬಟರ್ ಪೇಪರಿನ ಒಂದು ತುಂಡನ್ನು ಹರಿದಳು. ಆ ಸದ್ದು ಅಡುಗೆಮನೆಯಿಂದ ಮುಂದಿನ ಕೋಣೆಯವರೆಗೆ ಬಂದಿತು. ಒಣಗಿದ ಎಲೆಯನ್ನು ಮುರಿದಂತೆಯೂ ಅಲ್ಲ, ಬಟ್ಟೆಯನ್ನು ಹರಿದಂತೆಯೂ ಅಲ್ಲ. ಅವೆರಡರ ನಡುವಿನ ಒಂದು ಸದ್ದು. ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಯ ಅಂಚಿನಲ್ಲಿಟ್ಟು ನಾನು ಪಕ್ಕದ ಮನೆಯ ಕಡೆಗೆ ನೋಡಿದೆನು. ಅಲ್ಲಿ ಈಗ ಬೇರೆಯವರು ವಾಸವಾಗಿದ್ದಾರೆ. ಆದರೂ ಆ ಸದ್ದು ಆ ಮನೆಯದೇ...

ಸದರಿ ಮನೆಯಲ್ಲಿ ಹಿಂದೆ ಇದ್ದವರ ಕುರಿತು ಬರೆದುಕೊಡಬೇಕೆಂದು ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯವರು ನನ್ನನ್ನು ಕೇಳಿ ಬಹಳ ಕಾಲವಾಯಿತು. ಪತ್ರಗಳನ್ನು ಬರೆಯುವುದು ನನಗೆ ಹೊಸದಲ್ಲ. ಮೊದಲು ಕುಂದಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ, ಬಳಿಕ ಇಲ್ಲಿ ಸಂಘದ ಕಾರ್ಯದರ್ಶಿಯಾಗಿ, ಕೌನ್ಸಿಲ್‌ನವರಿಗೂ ಶಾಲೆಗಳ ವ್ಯವಸ್ಥಾಪಕರಿಗೂ ಅನೇಕ ಮನವಿಗಳನ್ನು ಸಲ್ಲಿಸಿದ್ದೇನೆ. ಆದರೆ ಯಾವ ಕೋರಿಕೆಯೂ ಇಲ್ಲದೆ ಒಬ್ಬ ವ್ಯಕ್ತಿಯ ಬಗ್ಗೆ ಬರೆಯುತ್ತಿರುವುದು ಇದೇ ಮೊದಲು. ವಿಷಯವನ್ನು ಹೇಗೆ ಪ್ರಸ್ತಾಪಿಸಬೇಕೆಂದು ತಿಳಿಯದೆ ಹಲವು ಸಲ ಹಾಳೆಯನ್ನು ಬದಿಗೆ ಸರಿಸಿದ್ದೆನು. ಆ ಕಾಗದದ ಸದ್ದು ಕಿವಿಗೆ ಬಿದ್ದ ಮೇಲೆ ಅಲ್ಲಿಂದಲೇ ಪ್ರಾರಂಭಿಸತಕ್ಕದ್ದು ಎಂದು ನಿಶ್ಚಯಿಸಿದೆನು.

2010ರ ದಶಕದ ಮೊದಲ ವರ್ಷಗಳಲ್ಲಿ ನಾವು ಇಂಗ್ಲಿಷರ ರಾಜಧಾನಿಯ ಪಶ್ಚಿಮದ ಅಂಚಿನಲ್ಲಿರುವ ಹೇಸ್‌ನ ಈ ಸಾಲುಮನೆಗೆ ಬಾಡಿಗೆಗೆ ಬಂದೆವು. ನನಗೆ ಪಾರ್ಕ್ ರಾಯಲ್‌ನ ಆಹಾರ ತಯಾರಿಕಾ ಘಟಕವೊಂದರ ಕಚೇರಿಯಲ್ಲಿ ಕೆಲಸ. ಊರಿನಿಂದ ಅಮ್ಮನೂ ನಮ್ಮೊಂದಿಗೆ ಬಂದಿದ್ದರು. ಸಾಲಿನ ಕೊನೆಯ ಮನೆಯಲ್ಲಿ, ಅಂದರೆ ನಮ್ಮ ಪಕ್ಕದಲ್ಲಿ, ಎಂಬತ್ತು ದಾಟಿದ, ಎತ್ತರದ ನಿಲುವಿನ ಕಪ್ಪು ವರ್ಣೀಯ ಮಹಿಳೆಯೊಬ್ಬರು ಒಬ್ಬರೇ ವಾಸವಾಗಿದ್ದರು. ಯೌವನದಲ್ಲಿ ಟ್ರಿನಿಡಾಡ್ ದ್ವೀಪದಿಂದ ಹಡಗಿನಲ್ಲಿ ಬಂದವರು. ಊರುಗೋಲು ಹಿಡಿದಿದ್ದರೂ ಅದನ್ನು ಊರುತ್ತಿರಲಿಲ್ಲ; ದೂರದ ಯಾವುದನ್ನೋ ತೋರಿಸುವುದಕ್ಕೆ ಮಾತ್ರ ಬಳಸುತ್ತಿದ್ದರು.

ಪರಿಚಯವಾದದ್ದು ಕಾಗದದಿಂದ. ನಾವು ಇಲ್ಲಿ ಆಚರಿಸಿದ ಮೊದಲ ಯುಗಾದಿಯ ಮುನ್ನಾದಿನ ಅಮ್ಮ ಆ ಮಹಿಳೆಯ ತೆರೆದ ಬಾಗಿಲಿನೊಳಗೆ ಮೇಜಿನ ಮೇಲೆ ತೆಳ್ಳನೆಯ ಹಳದಿ ಕಾಗದದ ಸುರುಳಿಯೊಂದನ್ನು ಕಂಡರು.

"ಮಗಾ, ಅವ್ರ್ ಮನ್ಯಂಗೂ ಹೋಳ್ಗಿ ಮಾಡ್ತ್ರ್ ಕಾಂತ್. ಎಷ್ಟ್ ದೊಡ್ಡ ಕಾಗ್ದ ತಂದ್ ಇಟ್ಕಂಡಿರ್" ಎಂದು ನನಗೆ ವರದಿ ಮಾಡಿ, ನಾನು ಉತ್ತರಿಸುವ ಮೊದಲೇ ಹೋಗಿ, ಎರಡು ಅಂಗೈಗಳಿಂದ ತಟ್ಟುವ ಅಭಿನಯ ಮಾಡಿ, ಒಂದು ಮಾರು ಉದ್ದದ ತುಂಡನ್ನು ಪಡೆದುಕೊಂಡು ಬಂದರು. ಮರುದಿನ ಅದೇ ಕಾಗದದ ಮೇಲೆ ತಟ್ಟಿದ ಹೋಳಿಗೆಗಳನ್ನು ಅದೇ ಕಾಗದದಲ್ಲಿ ಸುತ್ತಿ ಕಳುಹಿಸಿದರು. ಸಂಜೆ ನಾನು ತಟ್ಟೆಯನ್ನು ಹಿಂದಕ್ಕೆ ತರಲು ಹೋದಾಗ, ಎಣ್ಣೆಯ ದುಂಡು ಗುರುತುಗಳಿದ್ದ ಆ ಕಾಗದವನ್ನು ಅವರು ಗೋಡೆಗೆ ಪಿನ್ನು ಚುಚ್ಚಿ ತೂಗುಹಾಕಿದ್ದರು. ಸುತ್ತಲೂ ಕಟ್ಟಡಗಳ ನಕ್ಷೆಗಳು. ಅದು ವಾಸ್ತುಶಿಲ್ಪಿಗಳು ನಕ್ಷೆ ತೆಗೆಯುವ ಟ್ರೇಸಿಂಗ್ ಪೇಪರ್ ಎಂಬುದು ನನಗೆ ಆಗ ತಿಳಿಯಿತು.

"ಕೈವಾರವಿಲ್ಲದೆ ಇಷ್ಟು ಸರಿಯಾದ ವೃತ್ತಗಳನ್ನು ಎಳೆಯುವವರು ನನ್ನ ಕಚೇರಿಯಲ್ಲಿ ಯಾರೂ ಇರಲಿಲ್ಲ" ಎಂದು ಅವರು ಹೇಳಿದರು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಚೇರಿ ಎಂದರೆ ಅವರ ಸ್ವಂತ ಕಚೇರಿ. ಈ ನಗರದಲ್ಲಿ ತಮ್ಮದೇ ಹೆಸರಿನ ಫಲಕ ಹಾಕಿ ವಾಸ್ತುಶಿಲ್ಪದ ಕಚೇರಿ ತೆರೆದ ಮೊದಲ ಕಪ್ಪು ವರ್ಣೀಯ ಮಹಿಳೆಯರಲ್ಲಿ ಅವರೊಬ್ಬರೆಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರಿಂದ. ಅವರು ತಾವಾಗಿ ಹೇಳಿಕೊಂಡ ಸಂಗತಿ ಒಂದೇ. ತಾವು ನಕ್ಷೆ ಮಾಡಿದ್ದ ಮೊದಲ ಕಟ್ಟಡದ ಸ್ಥಳಕ್ಕೆ ಹೋದಾಗ ಅಲ್ಲಿದ್ದವರು ಅವರ ಕೈಗೆ ಪೊರಕೆಯನ್ನು ಕೊಟ್ಟರಂತೆ. ಅವರು ಅದನ್ನು ತೆಗೆದುಕೊಂಡು ಬಾಗಿಲಿನ ಜಾಗವನ್ನು ಗುಡಿಸಿದರಂತೆ. ಧೂಳು ಸರಿದ ಮೇಲೆ ಓರೆಯಾಗಿ ಕೂತಿದ್ದ ಹೊಸಿಲನ್ನು ಪೊರಕೆಯ ತುದಿಯಿಂದ ತೋರಿಸಿ, "ಇದನ್ನು ಕಿತ್ತು ಮತ್ತೆ ಕೂರಿಸಿ. ನಕ್ಷೆ ನನ್ನದು" ಎಂದರಂತೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ನೋವಿರಲಿಲ್ಲ. ಹೊಸಿಲು ನೇರವಾದ ಸಮಾಧಾನ ಮಾತ್ರ ಇತ್ತು.

ಅವರು ಮನೆ ಕಟ್ಟುವವರೆಂದು ನಾನು ವಿವರಿಸಿದ ದಿನದಿಂದ ಅಮ್ಮ ಅವರನ್ನು ಮೇಸ್ತ್ರಿಯಮ್ಮ ಎಂದೇ ಕರೆದರು. ಪದವಿ ಪಡೆದ ವಾಸ್ತುಶಿಲ್ಪಿಯನ್ನು ಮೇಸ್ತ್ರಿ ಎನ್ನುವುದು ಸಮಂಜಸವಲ್ಲವೆಂದು ನನಗೆ ಆತಂಕವಾಗಿ, ಅರ್ಥವನ್ನು ಅವರಿಗೆ ತಿಳಿಸಿ ಕ್ಷಮೆ ಕೋರಿದೆನು. ಕಲ್ಲು, ಗಾರೆ, ಅಳತೆ ಎಲ್ಲವನ್ನೂ ಬಲ್ಲ ಮುಖ್ಯಸ್ಥರನ್ನು ಹಾಗೆನ್ನುತ್ತಾರೆ ಎಂದಾಗ ಅವರು ಆ ಪದವನ್ನು ಒಮ್ಮೆ ನಾಲಿಗೆಯ ಮೇಲಿಟ್ಟು ನೋಡಿದರು. "ನನ್ನನ್ನು ಇಷ್ಟು ವರ್ಷ ಕರೆದದ್ದಕ್ಕಿಂತ ಇದು ಮೇಲು" ಎಂದರು. ಹೀಗಾಗಿ ನಾನೂ ಅವರನ್ನು ಇನ್ನು ಮುಂದೆ ಹಾಗೆಯೇ ಉಲ್ಲೇಖಿಸುತ್ತೇನೆ.

ಅವರಿಬ್ಬರ ನಡುವೆ ಭಾಷೆ ಇರಲಿಲ್ಲ, ದುಭಾಷಿಯಾಗಿ ನಾನಿದ್ದೆನು. ಆದರೆ ನನ್ನ ಅನುವಾದ ಯಾವಾಗಲೂ ಉಪಕಾರಕ್ಕೆ ಬರಲಿಲ್ಲ. ಅಮ್ಮ ಮೇಸ್ತ್ರಿಯಮ್ಮನ ಮನೆಯಿಂದ ಹೊರಡುವಾಗಲೆಲ್ಲ "ಬತ್ತೆ ಅಕಾ", ಅಂದರೆ ಬರುತ್ತೇನೆ ಆಯಿತಾ, ಎನ್ನುತ್ತಿದ್ದರು. ನಾನು ಅದನ್ನು ಪದಶಃ, "ಅಮ್ಮ ಬರುತ್ತಾರಂತೆ" ಎಂದು ತಿಳಿಸುತ್ತಿದ್ದೆನು. ಒಂದು ದಿನ ಮೇಸ್ತ್ರಿಯಮ್ಮ ನಮ್ಮ ಬಾಗಿಲು ತಟ್ಟಿದರು.

"ನಿಮ್ಮ ತಾಯಿ ಬರುತ್ತೇನೆ ಎಂದಿದ್ದರು. ಎರಡನೆಯ ಸಲ ಮಾಡಿದ ಚಹಾವೂ ಆರಿಹೋಯಿತು."

ಅವರು ಪ್ರತಿ ಸಲವೂ ಕಾಯುತ್ತಿದ್ದರೆಂಬುದು ಆಗ ತಿಳಿಯಿತು. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಅದು ಅಶುಭ, ಆದ್ದರಿಂದ ಬರುತ್ತೇನೆ ಎನ್ನುತ್ತೇವೆ ಎಂದು ನಾನು ವಿವರಿಸಿದೆನು.

"ಹಾಗಾದರೆ ನಿಮ್ಮ ಭಾಷೆಯಲ್ಲಿ ಯಾರೂ ಹೋಗುವುದೇ ಇಲ್ಲವೇ?"

"ಹೋಗುತ್ತಾರೆ. ಹಾಗೆಂದು ಹೇಳುವುದಿಲ್ಲ."

ಅವರು ನಗಲಿಲ್ಲ. ಹೊಸಿಲಿನ ಮೇಲೆ ನಿಂತು, ಬಾಗಿಲಿನ ಚೌಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಹೊರಟರು. ಅದೇಕೆ ನೋಡಿದರೆಂದು ನನಗೆ ಅಂದು ಅರ್ಥವಾಗಲಿಲ್ಲ...

ನಮ್ಮ ಎರಡು ಮನೆಗಳ ಮುಂದಿನ ಕಾಲುದಾರಿಗಳ ನಡುವೆ ಒಂದು ಗಿಡ್ಡ ಇಟ್ಟಿಗೆಯ ಗೋಡೆ ಇದೆ. ಬಿಸಿಲು ಬಂದ ದಿನ ಅಮ್ಮ ಅದರ ಮೇಲೆ ಕೂತು ತರಕಾರಿ ಸೋಸುತ್ತಿದ್ದರು. ಈ ಬೀದಿಯಲ್ಲಿ ಹಾಗೆ ಕೂರುವವರು ಬೇರೆ ಯಾರೂ ಇರಲಿಲ್ಲ. ಒಂದು ಶನಿವಾರ ಅವರು ಬಟಾಣಿ ಬಿಡಿಸುತ್ತಿದ್ದಾಗ ಮೇಸ್ತ್ರಿಯಮ್ಮ ಮಡಚುವ ಕುರ್ಚಿ ತಂದು ಗೋಡೆಯ ಆ ಬದಿಯಲ್ಲಿ ಹಾಕಿಕೊಂಡು, ತಾವೂ ಒಂದು ಹಿಡಿ ಬಟಾಣಿ ತೆಗೆದುಕೊಂಡರು. ತಮ್ಮ ಅಜ್ಜಿಯ ಮನೆಯ ಗ್ಯಾಲರಿಯನ್ನು ನೆನೆದು ಏನೋ ಹೇಳಿದರು.

ಅಮ್ಮನ ಕೈ ನಿಂತಿತು. "ಎಂತ, ಜಗ್ಲಿಯಾ? ಅವ್ರ್ ಊರಂಗೂ ಜಗ್ಲಿ ಇತ್ತಾ?"

"ಅಮ್ಮ, ಜಗಲಿ ಅಲ್ಲ, ಗ್ಯಾಲರಿ" ಎಂದು ನಾನು ತಿದ್ದಿದೆನು. "ಅಂದ್ರೆ ಚಿತ್ರಪಟ ತೂಗುಹಾಕುವ ಜಾಗ. ಅವರ ಅಜ್ಜಿ ಮನೆಯವರು ಅನುಕೂಲಸ್ಥರಾಗಿರಬೇಕು."

"ಚಿತ್ರ ತೂಗ್ಸು ಜಾಗ್ದಂಗೆ ಬಟಾಣಿ ಯಾರ್ ಬಿಡ್ಸ್ತ್ರಾ? ಅವ್ರ್ ಕೈ ಕಾಣ್. ಅಲ್ಲ್ ಕೂಕಂತ್ರಾ ಇಲ್ಯಾ, ಕೇಣ್ ಕಾಂಬ."

ನಾನು ಕೇಳಿದೆನು. ಕೂರದೆ ಮತ್ತೇನು ಎಂಬಂತೆ ಮೇಸ್ತ್ರಿಯಮ್ಮ ನನ್ನನ್ನು ನೋಡಿದರು. ಟ್ರಿನಿಡಾಡಿನಲ್ಲಿ ಮನೆಯ ಮುಂದಿನ, ಮಾಡು ಇಳಿಸಿದ, ಗೋಡೆಯಿಲ್ಲದ ಕೂರುವ ಜಾಗಕ್ಕೆ ಗ್ಯಾಲರಿ ಎನ್ನುತ್ತಾರಂತೆ. ಕಾಳು ಬಿಡಿಸುವುದು ಅಲ್ಲಿ, ದಾರಿಹೋಕರನ್ನು ಮಾತಾಡಿಸುವುದು ಅಲ್ಲಿ, ಜಗಳವಾಡಿದವರು ಮುಖ ತಿರುಗಿಸಿ ಕೂರುವುದೂ ಅಲ್ಲಿಯೇ. ನಾನು ಅದನ್ನು ಅಮ್ಮನಿಗೆ ಒಪ್ಪಿಸಿದೆನು.

"ಹಾಂಗಾರೆ ಜಗ್ಲಿಯೇ. ನೀ ಸುಮ್ನಿರ್."

ಅಮ್ಮನಿಗೆ ಕೇಳಿಸಿದ್ದು ತಪ್ಪು, ಅರ್ಥವಾದದ್ದು ಸರಿ. ನನಗೆ ಕೇಳಿಸಿದ್ದು ಸರಿ... ಉಳಿದದ್ದನ್ನು ವಾಚಕರ ಅವಗಾಹನೆಗೆ ಬಿಡುತ್ತೇನೆ. ಮೇಸ್ತ್ರಿಯಮ್ಮ ಮಾತ್ರ ಅಂದೇ ಜಗಲಿ ಎಂಬ ಪದವನ್ನು ಕಲಿತರು.

ಅದೇ ವರ್ಷ ನಮ್ಮ ಸಂಘಕ್ಕೆ ಹೇಸ್‌ನ ರೈಲು ನಿಲ್ದಾಣದ ಹಿಂಬದಿಯಲ್ಲಿ ಮುಚ್ಚಿದ್ದ ಮುದ್ರಣಾಲಯದ ಗೋದಾಮೊಂದು ದೀರ್ಘಾವಧಿಯ ಗುತ್ತಿಗೆಗೆ ದೊರಕಿತು. ಹೊಸ ರೈಲು ಮಾರ್ಗದ ಕಾಮಗಾರಿಯಿಂದಾಗಿ ಆ ಬೀದಿಯ ತುಂಬ ಧೂಳು. ಅದನ್ನು ಸಭಾಭವನವಾಗಿ ಪರಿವರ್ತಿಸುವುದು ನಮ್ಮ ಉದ್ದೇಶ. ನಾನು ಈ ಸುದ್ದಿಯನ್ನು ಮೇಸ್ತ್ರಿಯಮ್ಮನಿಗೆ ಹೇಳಿದಾಗ ಅವರು, ಮುಂದಿನ ವಾರ ತಮ್ಮನ್ನು ನಗರದ ಉತ್ತರ ಭಾಗದ ಕೊಲಿಂಡೇಲ್‌ಗೆ ಕರೆದೊಯ್ಯಲು ಸಾಧ್ಯವೇ ಎಂದು ಕೇಳಿದರು.

ಕೊಲಿಂಡೇಲ್‌ನಲ್ಲಿ ಎಲ್ಲೆಡೆ ಕ್ರೇನುಗಳಿದ್ದವು. ಬಾಲ್ಕನಿಯಲ್ಲಿ ನಗುತ್ತಿರುವ ಯುವ ದಂಪತಿಯ ಚಿತ್ರವಿದ್ದ ಹಲಗೆಯ ತಡಿಕೆಯ ಬಳಿ ಅವರು ಕಾರು ನಿಲ್ಲಿಸಲು ಹೇಳಿದರು. ತಡಿಕೆಯ ಸಂದಿನಿಂದ ನೋಡಿದಾಗ ಕೆಂಪು ಇಟ್ಟಿಗೆಯ ಒಂದು ತಗ್ಗಾದ ಕಟ್ಟಡವನ್ನು ಯಂತ್ರವೊಂದು ಮೂಲೆಯಿಂದ ಕೆಡವುತ್ತಿರುವುದು ಕಂಡಿತು. ಮಕ್ಕಳ ಎತ್ತರಕ್ಕೆ ಇಳಿಸಿ ಕೂರಿಸಿದ್ದ ದುಂಡು ಕಿಟಕಿಗಳು ಇನ್ನೂ ಇದ್ದವು. ಅದು ಅವರು ಕಟ್ಟಿಸಿದ್ದ ಶಿಶುವಿಹಾರ.

"ನನ್ನ ಹೆಸರಿನಲ್ಲಿ ನಿಂತಿದ್ದುದರಲ್ಲಿ ಇದು ಕೊನೆಯದು" ಎಂದರು. ಉಳಿದವು ಕೆಲವು ಈ ಮೊದಲೇ ನೆಲಸಮವಾಗಿದ್ದವು. ಇನ್ನು ಕೆಲವು ದೊಡ್ಡ ಸಂಸ್ಥೆಗಳ ಹೆಸರಿನಲ್ಲಿದ್ದವು, ಅವುಗಳಲ್ಲಿ ಇವರ ಕೈ ಇತ್ತೆಂಬುದಕ್ಕೆ ಸಾಕ್ಷಿಯಿರಲಿಲ್ಲ. "ಕಟ್ಟಡ ಬೀಳುವುದು ಅನ್ಯಾಯವಲ್ಲ. ನಾನೂ ಎಷ್ಟನ್ನೋ ಕೆಡವಿಸಿದ್ದೇನೆ. ಆದರೆ ಒಂದಾದರೂ ನಿಂತಿರಬೇಕು. ಇಲ್ಲವಾದರೆ ಮುಂದೆ ಈ ಕೆಲಸಕ್ಕೆ ಬರುವ ನಮ್ಮ ಹುಡುಗಿಯರಿಗೆ ನಾನು ಬರೀ ಮಾತಾಗಿ ಉಳಿಯುತ್ತೇನೆ. ಮಾತಿಗೆ ಒರಗಿ ನಿಲ್ಲುವುದಕ್ಕಾಗುವುದಿಲ್ಲ."

ಹಿಂದಿರುಗುವ ದಾರಿಯಲ್ಲಿ, ನಮ್ಮ ಗೋದಾಮಿನ ನಕ್ಷೆಯನ್ನು ಯಾರು ತಯಾರಿಸುತ್ತಿದ್ದಾರೆಂದು ವಿಚಾರಿಸಿದರು. ಇನ್ನೂ ಯಾರೂ ಇಲ್ಲ ಎಂದೆನು. "ಇದ್ದಾರೆ" ಎಂದರು.

ಅವರ ಬಳಿ ಹಿಂದೆ ಕೆಲಸ ಕಲಿತ ಶಿಷ್ಯೆಯೊಬ್ಬರು ಕೌನ್ಸಿಲ್‌ಗೆ ಸಲ್ಲಿಸುವ ಜವಾಬ್ದಾರಿ ಹೊತ್ತರು, ಕಲ್ಪನೆಯೆಲ್ಲ ಇವರದು. ನಕ್ಷೆಗೆ ಮೊದಲು ನಮ್ಮವರನ್ನು ನೋಡಬೇಕೆಂದು, ಬಾಡಿಗೆಯ ಶಾಲಾ ಸಭಾಂಗಣದಲ್ಲಿ ನಡೆದ ನಮ್ಮ ರಾಜ್ಯೋತ್ಸವಕ್ಕೆ ಬಂದರು. ಮುಂದಿನ ಸಾಲಿನಲ್ಲಿ ಕುರ್ಚಿ ಕಾದಿರಿಸಿದ್ದೆವು. ಅವರು ಅದನ್ನು ಹಿಂದಕ್ಕೆ ತಿರುಗಿಸಿಕೊಂಡು ಕೂತರು. ಕಾರ್ಯಕ್ರಮದುದ್ದಕ್ಕೂ ವೇದಿಕೆಯನ್ನು ನೋಡಲಿಲ್ಲ. ಬಾಗಿಲನ್ನೂ ಅಲ್ಲಿ ರಾಶಿಬಿದ್ದಿದ್ದ ಚಪ್ಪಲಿ ಬೂಟುಗಳನ್ನೂ ನೋಡುತ್ತಿದ್ದರು. ವಂದನಾರ್ಪಣೆಯ ನಂತರ ಎಲ್ಲರೂ ಬರ್ತೀವಿ, ಬರ್ತೀವಿ ಎಂದು ಹೊರಬಂದು ತುಂತುರು ಮಳೆಯಲ್ಲಿ ಕೊಡೆ ಬಿಚ್ಚಿ ಫುಟ್‌ಪಾತಿನ ಮೇಲೆ ನಿಂತೆವು. ಶಾಲೆಯ ಕಾವಲಿನವನು ಬೀಗದ ಕೈ ಗೊಂಚಲನ್ನು ಝಣಝಣಿಸುತ್ತಲೇ ಇದ್ದನು. ನಾವು ನಿಂತೇ ಇದ್ದೆವು. ಮೇಸ್ತ್ರಿಯಮ್ಮನೂ ನಿಂತಿದ್ದರು, ನಮ್ಮನ್ನು ನೋಡುತ್ತ.

ಕೆಲವು ದಿನಗಳ ಬಳಿಕ ಅಳತೆಯ ಟೇಪು ಹಿಡಿದು ಬಂದು, ಗಿಡ್ಡ ಗೋಡೆಯ ಮೇಲೆ ಕೂತಿದ್ದ ಅಮ್ಮನ ಪಾದದಿಂದ ಮೊಣಕಾಲಿನವರೆಗೆ ಅಳೆದರು.

"ಎಂತಕೆ, ನಂಗ್ ಫ್ರಾಕ್ ಹೊಲ್ಸ್ತ್ರಾ?" ಎಂದು ಅಮ್ಮ ಕಾಲು ಮುಂದೆ ಚಾಚಿದರು.

ನಕ್ಷೆ ಸಿದ್ಧವಾಯಿತು. ಒಳಗಿನ ಸಭಾಂಗಣ, ಅಡುಗೆಮನೆ, ವೇದಿಕೆ ಎಲ್ಲರಿಗೂ ಒಪ್ಪಿಗೆಯಾದವು. ವಿವಾದ ಮುಂಭಾಗದ ಅಂಗಳದ್ದು. ಅಲ್ಲಿ ಅವರು ಕಟ್ಟಡದ ಅಗಲಕ್ಕೂ ಜಗಲಿಯೊಂದನ್ನು ಬರೆದಿದ್ದರು. ಇಟ್ಟಿಗೆಯ ಕಟ್ಟೆ, ಮೇಲೆ ಓಕ್ ಮರದ ಹಲಗೆ, ಕೆಳಗೆ ಚಪ್ಪಲಿಗಳಿಗೆ ಗೂಡುಗಳು, ಇಳಿಸಿದ ಮಾಡು, ಪಡುಗಾಳಿಗೆ ಅಡ್ಡವಾಗಿ ಒಂದು ತುದಿಯಲ್ಲಿ ಗಾಜಿನ ಗೋಡೆ. ಕಟ್ಟೆಯ ಎತ್ತರ, ಅಮ್ಮನ ಮೊಣಕಾಲಿನ ಎತ್ತರ. ಸಮಿತಿಯವರಿಗಾದರೋ ಆ ಜಾಗದಲ್ಲಿ ಕಾರುಗಳನ್ನು ನಿಲ್ಲಿಸಬೇಕಾಗಿತ್ತು.

ಬೇಸಿಗೆಯ ಒಂದು ಭಾನುವಾರ ಸಂಜೆ ಸಮಿತಿಯ ಸಭೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸೇರಿತು. ಮೇಸ್ತ್ರಿಯಮ್ಮ ನಕ್ಷೆಯನ್ನು ವಿವರಿಸಿ, ನಾವು ಮುಕ್ತವಾಗಿ ಚರ್ಚಿಸಲೆಂದು ಹೊರಗೆ ಹೋಗಿ ತಮ್ಮ ಮಡಚುವ ಕುರ್ಚಿಯಲ್ಲಿ ಕೂತರು. ನಮ್ಮ ಅಧ್ಯಕ್ಷರು ಮೈಸೂರಿನವರು, ಇಲ್ಲಿನ ಆಸ್ಪತ್ರೆಯಿಂದ ನಿವೃತ್ತರಾದ ವೈದ್ಯರು.

"ಮೇಡಂ ದೊಡ್ಡೋರು, ಒಪ್ಕೋತೀನಿ" ಎಂದರು ಅವರು. "ಆದ್ರೆ ಈ ಚಳೀಲಿ ಹೊರಗಡೆ ಯಾರ್ರೀ ಕೂತ್ಕೋತಾರೆ? ಇಲ್ಲಿ ಜಗಲಿ ಕಟ್ಸಿದ್ರೆ ಪಾರಿವಾಳಕ್ಕೆ ಕಟ್ಸಿದ ಹಾಗೆ."

ಖಜಾಂಚಿಗಳು ನಮ್ಮ ಕರಾವಳಿಯವರು; ಎರಡು ಹೋಟೆಲುಗಳ ಮಾಲೀಕರು. "ಅಲ್ಲ ಮಾರಾಯ್ರೆ, ಕಾರ್ ಎಲ್ಲಿ ನಿಲ್ಸೋದು? ಜಗಲಿ ಮೇಲಾ?" ಎಂದರು. ಎಲ್ಲರೂ ನಕ್ಕರು.

ನಾನು ಜಗಲಿಯ ಪರವಾಗಿ ನನ್ನ ಅಭಿಪ್ರಾಯವನ್ನು ಮಂಡಿಸಿದೆನು. ಕೊಲಿಂಡೇಲ್‌ನಲ್ಲಿ ಕಂಡದ್ದನ್ನೂ ತಿಳಿಸಿದೆನು. ಅಧ್ಯಕ್ಷರು ಕನಿಕರದಿಂದ ಕೇಳಿದರು. ಒಳಗಿನ ಕಟ್ಟಡವೇ ಅವರ ಸ್ಮಾರಕವಲ್ಲವೇ ಎಂದರು. ಆದರೆ ಒಳಗಿನದು ಹಳೆಯ ಗೋದಾಮು, ಬೇರೊಬ್ಬರು ಕಟ್ಟಿದ್ದು. ಅವರದೆಂದು ಹೇಳಬಹುದಾದದ್ದು ಆ ಜಗಲಿಯೊಂದೇ ಆಗಿತ್ತು. ಅದನ್ನು ಕೈಬಿಡುವುದೆಂದು ಬಹುಮತದಿಂದ ನಿರ್ಣಯವಾಯಿತು. ನಾನು ನಡಾವಳಿಯಲ್ಲಿ ಹಾಗೆಯೇ ದಾಖಲಿಸಿದೆನು; ಅಕ್ಷರಗಳು ನನಗೇ ಅಪರಿಚಿತವೆನಿಸಿದವು.

ಸಭೆ ಮುಕ್ತಾಯವಾಯಿತು. ಎಲ್ಲರೂ ಎದ್ದು, "ಸರಿ, ಬರ್ತೀವಿ" ಎಂದರು. ಎದ್ದವರು ಬಾಗಿಲಿನವರೆಗೆ ಬಂದರು, ಬೂಟು ಹಾಕಿಕೊಂಡರು, ಕಾಲುದಾರಿಗೆ ಇಳಿದರು, ಅಲ್ಲಿಯೇ ನಿಂತರು. ಒಬ್ಬರ ಮಗಳಿಗೆ ವರ ನೋಡುವ ವಿಷಯ ಬಂತು. ದೀಪಾವಳಿಗೆ ಚಿತ್ರಾನ್ನ ಯಾರು ಮಾಡಿಸುವುದೆಂಬುದು ಇತ್ಯರ್ಥವಾಯಿತು. ಒಳಗೆ ಎರಡು ಸಭೆಗಳಲ್ಲಿ ಬಗೆಹರಿಯದಿದ್ದ ವೇದಿಕೆಯ ಪರದೆಯ ವಿಚಾರವನ್ನು ಅಧ್ಯಕ್ಷರೂ ಖಜಾಂಚಿಗಳೂ ಗೇಟಿನ ಬಳಿ ಸುಲಭವಾಗಿ ಬಗೆಹರಿಸಿಕೊಂಡರು. ಅಮ್ಮ ಒಳಗಿನಿಂದ, "ಹ್ವಾಯ್, ಇನ್ನೂ ಇಲ್ಲೇ ಇದ್ರಲೆ, ಚಾ ಕುಡ್ಕಂಡ್ ಹೋಯ್ನಿ" ಎಂದು ಮತ್ತೊಂದು ಸುತ್ತು ಚಹಾ ತಂದರು. ಲೋಟಗಳನ್ನು ಇಡುವುದಕ್ಕೆ ಜಾಗವಿಲ್ಲದೆ ಎಲ್ಲರೂ ಕೈಯಲ್ಲೇ ಹಿಡಿದು ನಿಂತರು.

ಆಗ ಮೇಸ್ತ್ರಿಯಮ್ಮ ಕುರ್ಚಿಯಿಂದ ಎದ್ದರು. ಅವರ ಕಾರ್ಡಿಗನ್‌ನ ಜೇಬಿನಲ್ಲಿ ಗೋಡೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ತುಂಡೊಂದು ಯಾವಾಗಲೂ ಇರುತ್ತಿತ್ತು. ನನ್ನ ತೋಳನ್ನು ಆಸರೆಯಾಗಿ ಹಿಡಿದು ಬಗ್ಗಿ, ನಿಂತವರ ಪಾದಗಳ ಸುತ್ತ ನೆಲದ ಮೇಲೆ ಗೆರೆ ಎಳೆಯತೊಡಗಿದರು. ಬಾಗಿಲಿನಿಂದ ಗೇಟಿನವರೆಗೆ, ಗೇಟಿನಿಂದ ಫುಟ್‌ಪಾತಿನವರೆಗೆ. ಜನ ಮಾತು ನಿಲ್ಲಿಸದೆಯೇ ಅಂಚಿನಲ್ಲಿದ್ದ ಕಾಲನ್ನು ಒಳಕ್ಕೆ ತೆಗೆದುಕೊಂಡರು.

"ಏನ್ ಮೇಡಂ, ರಂಗೋಲಿ ಹಾಕ್ತಿದೀರಾ?" ಎಂದು ಅಧ್ಯಕ್ಷರು ಇಂಗ್ಲಿಷಿಗೆ ಹೊರಳುವುದನ್ನೂ ಮರೆತು ಕನ್ನಡದಲ್ಲೇ ಕೇಳಿದರು.

ಅವರು ಗೆರೆಯ ಎರಡು ತುದಿಗಳನ್ನು ಕೂಡಿಸಿ ನೆಟ್ಟಗೆ ನಿಂತರು. ಅವಸರವಿಲ್ಲದೆ ಹೇಳಿದರು.

"ಇದು ನೀವು ಈಗತಾನೆ ಬೇಡವೆಂದ ಕೋಣೆ. ನೀವೆಲ್ಲ ಇದರೊಳಗೇ ಇದ್ದೀರಿ. ಒಳಗೆ ನಡೆದ ಸಭೆಗಿಂತ ಇಲ್ಲಿಯ ಸಭೆ ದೊಡ್ಡದಾಯಿತು. ಹೊರಡುವಾಗ ಬರುತ್ತೇನೆ ಎನ್ನುವ ಜನ ನೀವು. ಹೋಗುವುದಕ್ಕೂ ಬರುವುದಕ್ಕೂ ಒಂದೇ ಮಾತು. ಅಂಥವರಿಗೆ ಬಾಗಿಲೊಂದೇ ಸಾಲದು."

ಅಧ್ಯಕ್ಷರು ತಮ್ಮ ಬೂಟುಗಳನ್ನೂ ಅವುಗಳ ಮುಂದಿದ್ದ ನೀಲಿ ಗೆರೆಯನ್ನೂ ನೋಡಿದರು. ಬಳಿಕ ಕೈಯಲ್ಲಿ ಆರುತ್ತಿದ್ದ ಚಹಾವನ್ನು ನೋಡಿದರು.

"ಕಾರ್ಯದರ್ಶಿಗಳೇ, ಆ ನಿರ್ಣಯಾನ ತಿದ್ದೋಕಾಗುತ್ತಾ?"

"ಸಭೆ ಮುಗಿದಿದೆ ಸರ್. ಮತ್ತೆ ಕರೆಯಬೇಕಾದರೆ ಕೋರಂ ಬೇಕು" ಎಂದೆನು. ನಿಯಮ ನಿಯಮವೇ.

ಖಜಾಂಚಿಗಳು ತಲೆ ಎಣಿಸುವಂತೆ ಸುತ್ತ ನೋಡಿದರು. "ಎಂತ ಕೋರಂ ಮಾರಾಯ್ರೆ, ಒಬ್ರಾದ್ರೂ ಹೋಗಿದಾರಾ? ಬರ್ಕೊಳ್ಳಿ. ಕಾರ್ ಬೇಕಾದ್ರೆ ನಿಲ್ದಾಣದ ಹತ್ರ ಹಾಕಿ ನಡ್ಕೊಂಡ್ ಬರುವ."

ಹೀಗೆ, ಗೆರೆಯೊಳಗೆ ನಿಂತು, ಬೆನ್ನು ಬಾಗಿಸಿದ ಖಜಾಂಚಿಗಳ ಬೆನ್ನಿನ ಮೇಲೆ ಹಾಳೆಯಿಟ್ಟು, ಹಿಂದಿನ ನಿರ್ಣಯವನ್ನು ರದ್ದುಪಡಿಸಿ ಹೊಸ ನಿರ್ಣಯವನ್ನು ಬರೆದೆನು. ಈ ಸಲ ಸರ್ವಾನುಮತ. "ಒಳ್ಗ್ ಬ್ಯಾಡ ಅಂದದ್ದ್ ಹೊರ್ಗ್ ಬೇಕಾಯ್ತ್ ಕಾಣ್" ಎಂದು ಅಮ್ಮ ಲೋಟಗಳನ್ನು ಒಟ್ಟುಮಾಡುತ್ತ ನನಗೆ ಮಾತ್ರ ಕೇಳಿಸುವಂತೆ ಹೇಳಿದರು. ಮೇಸ್ತ್ರಿಯಮ್ಮ ಸೀಮೆಸುಣ್ಣವನ್ನು ಜೇಬಿಗೆ ಹಾಕಿ, ಅಂಗೈಯನ್ನು ಒರೆಸಿಕೊಂಡರು. ಅವರು ಸೋಲಬಹುದೆಂದು ಒಂದು ಕ್ಷಣವೂ ಭಾವಿಸಿದ್ದಂತೆ ಕಾಣಲಿಲ್ಲ.

ಹೆಸರಿನ ಪ್ರಶ್ನೆ ಆಮೇಲೆ ಬಂತು. ನಮ್ಮ ಪದ್ಧತಿಯಂತೆ ಒಳಗೋಡೆಗೆ ಅಮೃತಶಿಲೆಯ ಫಲಕ ಹಾಕಿಸುವುದೆಂದು ಸಮಿತಿಯವರ ಆಲೋಚನೆ. ಅವರು ಒಪ್ಪಲಿಲ್ಲ. ಗೋಡೆಯ ಮೇಲಿನ ಹೆಸರನ್ನು ಓದಲು ಜನ ತಲೆ ಎತ್ತಬೇಕು, ಯಾರೂ ಎತ್ತುವುದಿಲ್ಲ ಎಂದರು. ಕೂತವರು ಏಳುವಾಗ ಕೈ ಊರುವ ಜಾಗದಲ್ಲಿ, ಜಗಲಿಯ ಹಲಗೆಯ ಅಂಚಿನಲ್ಲಿ ಕೆತ್ತಬೇಕೆಂದರು. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ನಾನು ಅವರ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟೆನು. ಅವರು ಅದರ ಮೇಲೆ ಟ್ರೇಸಿಂಗ್ ಪೇಪರ್ ಹರಡಿ, ಒಂದೊಂದು ಅಕ್ಷರವನ್ನೂ ಕಮಾನಿನ ನಕ್ಷೆ ತೆಗೆಯುವವರಂತೆ, ಉಸಿರು ಹಿಡಿದು ಬರೆದರು. ಒತ್ತಕ್ಷರವೊಂದನ್ನು ತೋರಿಸಿ, ಇದು ಬಾಲ್ಕನಿಯೇ ಎಂದು ಕೇಳಿದರು. ಹೆಸರಿನ ಕೆಳಗೆ ವೃತ್ತಿಯನ್ನೂ ಸೇರಿಸಬೇಕೆಂದರು. ವಾಸ್ತುಶಿಲ್ಪಿ ಎಂಬ ಪದವನ್ನು ನಾನು ಸೂಚಿಸಿದೆನು. ಅವರು ತಲೆಯಾಡಿಸಿ, ಅಮ್ಮ ಕರೆಯುವ ಪದವನ್ನೇ ಕೇಳಿ ಬರೆಸಿಕೊಂಡರು.

ಮುಂದಿನ ಶರತ್ಕಾಲದ ವೇಳೆಗೆ ಕಟ್ಟೆ ಎದ್ದು ಹಲಗೆ ಕೂತಿತ್ತು; ಮಾಡು ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಅವರು ಗಾಲಿಕುರ್ಚಿಗೆ ಬಂದಿದ್ದರು. ಒಂದು ಮಧ್ಯಾಹ್ನ ನಾನು ಅವರನ್ನೂ ಅಮ್ಮನನ್ನೂ ಅಲ್ಲಿಗೆ ಕರೆದೊಯ್ದೆನು. ಗಾಲಿಕುರ್ಚಿಯಿಂದ ಇಳಿಸಿ ಜಗಲಿಯ ಮೇಲೆ ಕೂರಿಸಬೇಕೆಂದು ಹಟ ಹಿಡಿದರು. ಇಬ್ಬರೂ ಅಕ್ಕಪಕ್ಕ ಕೂತರು. ಬಿಸಿಲಿಗೆ ಇಟ್ಟಿಗೆ ಬೆಚ್ಚಗಾಗಿತ್ತು. ಅಮ್ಮನ ಎರಡೂ ಪಾದಗಳು ನೆಲಕ್ಕೆ ಸರಿಯಾಗಿ ತಾಗಿದವು. ಉದ್ದನೆಯ ಕಾಲಿನ ಮೇಸ್ತ್ರಿಯಮ್ಮನ ಮೊಣಕಾಲುಗಳು ಮೇಲಕ್ಕೆದ್ದು ನಿಂತವು. ಅದನ್ನು ನೋಡಿ ಅಮ್ಮ ನಕ್ಕರು, ಅವರೂ ನಕ್ಕರು. ನಾನು ಅನುವಾದಿಸಬೇಕಾದದ್ದು ಏನೂ ಇರಲಿಲ್ಲ. ಮನೆಗೆ ಮರಳಿ ಅವರನ್ನು ಬಾಗಿಲೊಳಗೆ ಬಿಟ್ಟಾಗ ಅವರು ಅಮ್ಮನ ಕಡೆಗೆ ತಿರುಗಿ, ಕುಂದಾಪುರದ ರಾಗದಲ್ಲೇ, "ಬತ್ತೆ ಅಕಾ" ಎಂದರು...

ಆ ಚಳಿಗಾಲದಲ್ಲಿ ಅವರು ಆಸ್ಪತ್ರೆಯಲ್ಲಿ ನಿಧನರಾದರು. ಮಾಡು ಹಾಕಿದ್ದನ್ನು ಅವರು ನೋಡಲಿಲ್ಲ.

ಅಂತ್ಯಸಂಸ್ಕಾರದ ದಿನ ಪ್ರಾರ್ಥನಾಮಂದಿರ ತುಂಬಿತ್ತು. ಅವರ ಬಗ್ಗೆ ನನಗೆ ತಿಳಿಯದಿದ್ದ ಎಷ್ಟೋ ಸಂಗತಿಗಳನ್ನು ಮಾತಾಡಿದವರಿಂದ ಕೇಳಿದೆನು. ಅವರು ಮೊದಲು ತೆರೆದ ಬಾಗಿಲಿನಿಂದ ತಾವು ಬಂದೆವೆಂದು ಹೇಳಿದ ಕಪ್ಪು ವರ್ಣೀಯ ಯುವತಿಯರೇ ಹಲವರಿದ್ದರು, ಎಲ್ಲರೂ ವಾಸ್ತುಶಿಲ್ಪಿಗಳು. ಹೊರಗೆ ಅವರಲ್ಲೊಬ್ಬರು ನನ್ನ ಬಳಿಗೆ ಬಂದರು. "ಅವರು ಕಟ್ಟಿದ್ದು ಏನೂ ಉಳಿದಿಲ್ಲವೆಂದು ನಾವು ಓದುವಾಗ ಹೇಳುತ್ತಿದ್ದರು. ಹೇಸ್‌ನಲ್ಲಿ ಏನೋ ಇದೆಯಂತೆ, ನಿಜವೇ?"

ನಾನು ಸಾಮಾನ್ಯವಾಗಿ ಅಪರಿಚಿತರಿಗೆ ಉತ್ತರಿಸುವ ಮೊದಲು ಎರಡು ಸಲ ಯೋಚಿಸುವವನು. ಅಂದು ಯೋಚಿಸಲಿಲ್ಲ. "ಇದೆ. ಭಾನುವಾರ ಬನ್ನಿ" ಎಂದೆನು.

ಅವರು ಬಂದರು, ತಮ್ಮಂಥವರನ್ನು ಇನ್ನೂ ಕೆಲವರನ್ನು ಕರೆತಂದರು. ಅಳೆದರು, ಚಿತ್ರ ಬರೆದುಕೊಂಡರು, ಕಟ್ಟೆ ಇಷ್ಟು ತಗ್ಗಾಗಿರುವುದೇಕೆಂದು ತಮ್ಮತಮ್ಮಲ್ಲೇ ಚರ್ಚಿಸಿದರು. ನಾನು ಅಮ್ಮನನ್ನು ತೋರಿಸಿದೆನು. ಅಂದಿನಿಂದ ಪ್ರತಿ ವರ್ಷವೂ ಹೊಸ ವಿದ್ಯಾರ್ಥಿನಿಯರು ಬರುತ್ತಿದ್ದಾರೆ. ಬಂದವರು ಹೊರಡುವಾಗ ತಡವಾಗುತ್ತದೆ. ಅದು ಆ ಜಾಗದ ಗುಣ.

ಈ ವರ್ಷದ ಯುಗಾದಿಯ ಸಂಜೆ ನಾವೂ ಅಲ್ಲಿಗೆ ಹೋಗಿದ್ದೆವು. ಕಾರ್ಯಕ್ರಮ ಮುಗಿದು, ಬರ್ತೀವಿ ಎಂದವರೆಲ್ಲ ಜಗಲಿಯ ತುಂಬ ಕೂತಿದ್ದರು. ಅಧ್ಯಕ್ಷರು ಪಾರಿವಾಳದ ತಮ್ಮ ಹಳೆಯ ಮಾತನ್ನು ತಾವೇ ಹೇಳಿ ನಗಿಸುತ್ತಿದ್ದರು. ನಾನು ಗಾಜಿನ ಗೋಡೆಯ ಬಳಿ ನಿಂತು, ಇದನ್ನೆಲ್ಲ ನೋಡಬೇಕಾಗಿದ್ದವರು ಇಲ್ಲವೆಂಬುದನ್ನು ಬಹಳ ಸ್ಪಷ್ಟವಾಗಿ ಅರಿತೆನು. ಎಷ್ಟು ಜನ ಕೂತರೂ ಅವರ ಜಾಗ ತುಂಬುವುದಿಲ್ಲ.

ಈ ಲೇಖನದಲ್ಲಿ ಅವರ ಹೆಸರು ಎಲ್ಲಿಯೂ ಬಂದಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಅದು ಕಣ್ತಪ್ಪಲ್ಲ. ಹೆಸರು ಎಲ್ಲಿರಬೇಕೆಂದು ಅವರೇ ನಿರ್ಧರಿಸಿದ್ದಾರೆ. ಅದು ಅಲ್ಲಿಯೇ ಇದೆ. ಓದಬೇಕೆಂದಿರುವವರು ಹೇಸ್‌ಗೆ ಬಂದು, ಜಗಲಿಯ ಮೇಲೆ ಕೂತವರನ್ನು ಸ್ವಲ್ಪ ಸರಿಯುವಂತೆ ಕೇಳಬೇಕಾಗುತ್ತದೆ. ಯಾರೂ ಬೇಸರಿಸುವುದಿಲ್ಲ. ನನ್ನ ಅಮ್ಮನನ್ನು ಮಾತ್ರ ಸರಿಯುವಂತೆ ಕೇಳುವ ಅಗತ್ಯವಿಲ್ಲ. ಅವರು ಆ ಅಕ್ಷರಗಳನ್ನು ಬಿಟ್ಟು, ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಉಳಿಸಿಕೊಂಡೇ ಕೂರುತ್ತಾರೆ.